ಅಪ್ಪನ ಪ್ಯಾನಿನ ಶ್ರುತಿ

ಅಪ್ಪ ಸ್ಟೀಲ್ ಪ್ಯಾನಿಗೆ ಶ್ರುತಿ ಕೂಡಿಸುವವರು. ಎಣ್ಣೆ ಪೀಪಾಯಿಯ ತಳ ಬಡಿದು ಮಾಡುವ ಈ ವಾದ್ಯದ ಶ್ರುತಿ ನುಡಿಸಿದಷ್ಟೂ ಇಳಿಯುತ್ತದೆ. ನಾನು ಭೌತಶಾಸ್ತ್ರದ ಮೇಷ್ಟ್ರು; ಲೋಹದ ಈ ಗುಣ ನನಗೆ ಗೊತ್ತು. ಕಾರ್ನಿವಲ್ ಹಬ್ಬ ಹತ್ತಿರವಾದಾಗ ಲಾವೆಂಟಿಲ್ ಬೆಟ್ಟದ ನಮ್ಮ ಮನೆಯ ಜಗಲಿಯಲ್ಲಿ ಅಪ್ಪ ಸುತ್ತಿಗೆಯ ಒಂದು ಪೆಟ್ಟು ಹಾಕಿ, ಕಣ್ಣು ಮುಚ್ಚಿ, ನಾದ ಪೂರ್ತಿ ಆರುವವರೆಗೂ ಕಾಯುತ್ತಿದ್ದರು. ಅಷ್ಟು ಹೊತ್ತು ನಾವು ಮಕ್ಕಳು ಉಸಿರು ಬಿಗಿಹಿಡಿದಿರುತ್ತಿದ್ದೆವು.

ಅವರು ತೀರಿಕೊಂಡ ಮೇಲಿನ ಮೊದಲ ಕಾರ್ನಿವಲ್‌ನಲ್ಲಿ ಅವರ ಪ್ಯಾನನ್ನು ನನ್ನ ಮಗಳು ಅಕೀಲಾ ನುಡಿಸಬೇಕಿತ್ತು. ಶ್ರುತಿ ಇಳಿದಿತ್ತು, ಯಂತ್ರವಿಟ್ಟು ಅಳೆದಿದ್ದೆ. ಬೇರೆಯವರ ಸುತ್ತಿಗೆ ಬಿದ್ದರೆ ಅಪ್ಪನ ನಾದ ಹೋಗಿಬಿಡುತ್ತದೆಂದು ದಿನ ದೂಡಿದೆ. ಕೊನೆಗೆ ಅವರ ಶಿಷ್ಯ ಕ್ಲೈವಸ್‌ಗೆ ಬರಹೇಳಿದೆ.

ಅವನು ಬರಬೇಕಿದ್ದ ಬೆಳಿಗ್ಗೆ ಅಡುಗೆಮನೆಯಲ್ಲಿದ್ದಾಗ ಜಗಲಿಯಲ್ಲಿಟ್ಟಿದ್ದ ಪ್ಯಾನಿನಿಂದ ಒಂದು ಸ್ವರ ಕೇಳಿಸಿತು. ಅದು ಪೂರ್ತಿ ಆರಿದ ಮೇಲೆ ಇನ್ನೊಂದು. ಕ್ಲೈವಸ್ ಕೆಲಸ ಶುರುಮಾಡಿದನೆಂದು ಕೋಕೋ ಹಿಡಿದು ಹೊರಬಂದೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ಕ್ಲೈವಸ್ ಆಗಷ್ಟೇ ಗೇಟು ತೆಗೆಯುತ್ತಿದ್ದ.

ಅವನು ಬಂದು ಒಂದೊಂದೇ ಸ್ವರ ತಟ್ಟಿ ನೋಡಿ, ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ.

“ಏನ್ ಮೇಷ್ಟ್ರೇ, ತಮಾಷೆನಾ? ಆಗಿರೋ ಕೆಲ್ಸಕ್ಕೆ ನನ್ನನ್ಯಾಕೆ ಬೆಟ್ಟ ಹತ್ತಿಸಿದ್ರಿ?”

“ಯಾರೂ ಮುಟ್ಟಿಲ್ಲ ಕಣೋ.”

“ಬಿಡಿ, ಬಿಡಿ. ಯಜಮಾನ್ರ ಕೈ ನಂಗೊತ್ತಿಲ್ವಾ? ಈ ಸಣ್ಣ ಸ್ವರಾನ ಕೂದಲೆಳೆಯಷ್ಟು ಏರಿಸೇ ಬಿಡೋರು. ಎಷ್ಟ್ ಜಗಳ ಆಡಿದೀನಿ, ಕೇಳೋರೇ ಅಲ್ಲ...” ನಗುತ್ತಿದ್ದವನು ನನ್ನ ಮುಖ ನೋಡಿ, ಪ್ಯಾನಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಪ್ಯಾನನ್ನು ಹಾಗೆಯೇ ಅಕೀಲಾಳಿಗೆ ಕೊಟ್ಟೆ. ಎತ್ತುವಾಗ ಅದರ ಲೋಹ ಬೆಚ್ಚಗಿತ್ತು. ಬಿಸಿಲು ಇನ್ನೂ ಜಗಲಿಗೆ ಬಂದಿರಲಿಲ್ಲ.