ಫಟಫಟಿಗೊಂದು ಜೀನು

ಫಟಫಟಿ ಬಂದು ನಿಂತಾಗ ಹೊನ್ನವ್ವನ ಬಾಯಲ್ಲಿ ಮೇಣ ಹಚ್ಚಿದ ದಾರದ ತುದಿಯಿತ್ತು.

ಗಜೇಂದ್ರಗಡದ ಆ ಇಕ್ಕಟ್ಟು ಓಣಿಗೆ ಮೋಟಾರ್ ಸೈಕಲ್ಲಿನ ಅಂಥ ಸದ್ದು ಹಿಂದೆಂದೂ ಬಂದಿರಲಿಲ್ಲ. ಕೋಳಿಗಳು ಹಾರಿ ಕಟ್ಟೆ ಹತ್ತಿದವು. ಎದುರುಮನೆಯ ಕಾಶೀಂಬಿ ಬೀಸುವುದನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದಳು.

"ಜೀನಗಾರ ಕಳಕಪ್ಪನವರ ಮನಿ ಇದ ಏನ್ರಿ?"

ಹೊನ್ನವ್ವ ತಲೆಯೆತ್ತಿದಳು. ಮೈತುಂಬ ಎರೆಮಣ್ಣಿನ ಧೂಳು... ಆ ಧೂಳಿನ ನಡುವೆ ನಗುವ ಎರಡು ಕಣ್ಣು! ಅವಳ ಎದೆ ಝಲ್ಲೆಂದಿತು. ಕೈಯಲ್ಲಿದ್ದ ದಾರವನ್ನೂ ಚರ್ಮ ಚುಚ್ಚುವ ಆರಿಯನ್ನೂ ಸರಕ್ಕನೆ ಸೆರಗಿನೊಳಗೆ ಮುಚ್ಚಿಕೊಂಡಳು.

ಮುಚ್ಚಿಕೊಳ್ಳುವುದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಜ್ವರ ಬಂದು ಹೋದ ಮೇಲೆ ಅವಳ ಅಪ್ಪ ಕಳಕಪ್ಪನ ಬಲಗೈ ನಡುಗುತ್ತಿತ್ತು. ಅಂದಿನಿಂದ ಆ ಮನೆಯ ಒಂದೊಂದು ಕುದುರೆ ಜೀನನ್ನೂ ಹೊಲಿದವಳು ಹೊನ್ನವ್ವ. ಊರಿಗೆ ಇದು ಗೊತ್ತಿರಲಿಲ್ಲ. ಗಿರಾಕಿ ಬಂದಾಗ ಅಪ್ಪ ಪಡಸಾಲೆಯಲ್ಲಿ ಚರ್ಮ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ, ಅವಳು ಒಳಗೆ ಹೋಗುತ್ತಿದ್ದಳು. ಮಗಳ ಕೈದುಡಿಮೆ ಉಣ್ಣುತ್ತಾನೆ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಆ ಮನುಷ್ಯ ಊಟ ಬಿಡುವಂಥವನು.

ಬಂದವನ ಹೆಸರು ಈಶಪ್ಪ. ನರಗುಂದದವನು. ರೋಣದ ದನದ ದವಾಖಾನೆಯಲ್ಲಿ ಕೆಲಸ. ರಾಜೂರ, ಮುಶಿಗೇರಿ ಎಂದು ಬಂಡಿದಾರಿಯಲ್ಲೇ ಅವನ ತಿರುಗಾಟ. ರಾಜ್ಯ ಒಂದಾದ ಮರುವರ್ಷ, ಮಿಲಿಟರಿಯವರು ಬೇಡವೆಂದು ಹರಾಜಿಗಿಟ್ಟ ಫಟಫಟಿಯೊಂದನ್ನು ಹಿಡಿದಿದ್ದ. ಅದರ ಸೀಟು ಹರಿದು ನಾರು ಹೊರಬಿದ್ದಿತ್ತು. ಪೆಟ್ರೋಲ್ ಟಾಕಿಯ ಮೇಲಿನ ಹಳೆಯ ನಂಬರು ಅರ್ಧ ಕಿತ್ತು ಹೋಗಿತ್ತು.

"ಕುದುರಿ ಜೀನು ಹೊಲಿಯೋರು ಇದಕ್ಕೂ ಹೊಲಿತೀರೇನ್ರಿ ಕಾಕಾ?"

"ನಾಕ ಕಾಲಿರಲಿ, ಎರಡ ಗಾಲಿ ಇರಲಿ, ಕೂಡೋ ಮನಶ್ಯಾ ಒಬ್ಬನ ಅಲ್ಲೇನಪಾ," ಎಂದ ಕಳಕಪ್ಪ ಮೀಸೆಯಡಿ ನಕ್ಕು. "ಇಲ್ಲೇ ಬಿಟ್ಟ ಹೋಗು."

"ಟಾಕಿ ಮ್ಯಾಲ ಏನರೆ ಬರೀರಿ. ನಿಮ್ಮ ಮನಿತನದ ಕೈಗೆ ಏನು ಬರ್ತೈತೋ ಅದು."

ಬಾಗಿಲ ಮರೆಯಲ್ಲಿ ನಿಂತಿದ್ದ ಹೊನ್ನವ್ವ ಸೀಟಿನ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡಿದ್ದಳು. ಸೀಟಿನದು ಮಾತ್ರವೇ? ಆ ಕಣ್ಣು ಸವಾರನ ಮೇಲೂ ಒಂದು ಗಳಿಗೆ ಹೆಚ್ಚೇ ನಿಂತಿತು ಎಂದು ನಾನು ಹೇಳಿದರೆ ಅವಳು ನನ್ನ ಮೇಲೆ ಸಿಟ್ಟಾದಾಳು.

ಫಟಫಟಿ ಮಂದಿಯ ಕಣ್ಣಿಗೆ ಬೀಳದ ಹಿತ್ತಲಲ್ಲಿ ಉಳಿಯಿತು. ಹೊನ್ನವ್ವ ಹರಿದ ಹೊದಿಕೆಯನ್ನು ಬಿಚ್ಚಿ, ಅದನ್ನೇ ಹೊಸ ಚರ್ಮದ ಮೇಲೆ ಹರಡಿ ಗೆರೆ ಎಳೆದಳು. ಸ್ಪ್ರಿಂಗಿನ ಮೇಲೆ ಕಂಬಳಿ ಮಡಿಸಿ ಹಾಕಿದಳು. ನೆನೆಸಿದ ಚರ್ಮವನ್ನು ಬಿಗಿಯಾಗಿ ಎಳೆದು ಕಟ್ಟಿ, ಒಣಗಿದ ಮೇಲೆ ಅಂಚಿನುದ್ದಕ್ಕೂ ಜೋಡಿ ಹೊಲಿಗೆ ಹಾಕಿದಳು. ದಾರ ಎಳೆದೆಳೆದು ತೋರುಬೆರಳು ಸೀಳಿತು. ಆಮೇಲೆ ಟಾಕಿಯ ಹಳೆಯ ಬಣ್ಣ ಕೆರೆದು, ಎರಡೂ ಬದಿಗೆ ಹಳದಿ ಬಣ್ಣದ ಓಡುವ ಕುದುರೆ ಬರೆದಳು.

ನಡುವೆ ಒಂದು ದಿನ ಈಶಪ್ಪ ನೋಡಿಕೊಂಡು ಹೋಗಲು ಬಂದ. ಹೊನ್ನವ್ವ ನೀರು ಕೊಟ್ಟಳು. ಅವನ ಕಣ್ಣು ಅವಳ ಬೆರಳಿನ ಸೀಳಿನ ಮೇಲೆ ನಿಂತಿತು. ಪಕ್ಕದಲ್ಲಿ ಕಳಕಪ್ಪನ ಕೈಯಲ್ಲಿದ್ದ ತಂಬಿಗೆಯಿಂದ ನೀರು ತುಳುಕುತ್ತಿತ್ತು. ಈಶಪ್ಪ ಸೀಟಿನ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡಿದ.

"ಹೊಲಿಗಿ ಭಾಳ ಚಲೋ ಬಂದೈತ್ರಿ," ಎಂದ. ಮಾತು ಕಳಕಪ್ಪನಿಗೆ, ನೋಟ ಬಾಗಿಲ ಕಡೆಗೆ.

ಆ ದಿನವೆಲ್ಲ ಹೊನ್ನವ್ವನ ಕಾಲು ನೆಲದ ಮೇಲಿರಲಿಲ್ಲ. 'ನನ್ನ ಹೊಲಿಗೆ... ಚಲೋ ಬಂದೈತಿ ಅಂದ!'

ಫಟಫಟಿ ಒಯ್ಯುವ ದಿನ ಓಣಿಯೇ ನೆರೆದಿತ್ತು. ಜೀನಗಾರರಲ್ಲಿ ಒಂದು ಪದ್ಧತಿಯುಂಟು: ಹೊಸ ಜೀನಿನ ಮೇಲೆ ಅದನ್ನು ಹೊಲಿದವರೇ ಮೊದಲು ಕೂರಬೇಕು. ಹೊಲಿಗೆಯ ಹೊಣೆ ನನ್ನದು ಎಂದು ನಾಲ್ಕು ಮಂದಿಯ ಮುಂದೆ ತೋರಿಸಬೇಕು. ಆಮೇಲೆ ಸವಾರ ಕೂರುತ್ತಾನೆ. ಎರಡು ವರ್ಷದಿಂದ ಹೊನ್ನವ್ವ ಹೊಲಿದ ಜೀನುಗಳ ಮೇಲೆ ಅಪ್ಪ ಕೂತು ಏಳುವುದನ್ನು ಬಾಗಿಲ ಮರೆಯಿಂದ ನೋಡುತ್ತ ಬಂದಿದ್ದಳು. ಪ್ರತಿ ಸಲವೂ ಎದೆಯ ಮೂಲೆಯಲ್ಲೊಂದು ನೋವು. ಒಮ್ಮೆ... ಒಂದೇ ಒಂದು ಸಲ, ಇದು ನಿನ್ನ ಕೈಕೆಲಸ ಎಂದು ಯಾರಾದರೂ ಹೇಳಿದ್ದರೆ!

ಕಳಕಪ್ಪ ಧೋತರ ಎತ್ತಿಕೊಂಡು ಕೂರಲು ಮುಂದಾದ.

"ಇರಲಿ ಬಿಡ್ರಿ ಕಾಕಾ, ಕೂಡಬ್ಯಾಡ್ರಿ," ಎಂದ ಈಶಪ್ಪ.

ಅಷ್ಟೇ ಅಂದು, ತಾನೂ ಕೂರದೆ, ಫಟಫಟಿಯನ್ನು ತಳ್ಳಿಕೊಂಡು ಓಣಿ ದಾಟಿ ಹೋಗಿಬಿಟ್ಟ. ಕಳಕಪ್ಪ ಎತ್ತಿದ ಧೋತರ ಕೈಯಲ್ಲೇ ಹಿಡಿದು ನಿಂತಿದ್ದ. ಹೊನ್ನವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಆಮೇಲಿನ ಸುದ್ದಿಗಳೆಲ್ಲ ಕಾಶೀಂಬಿಯ ಬಾಯಿಂದಲೇ ಬಂದವು.

"ಅವ ರಾಜೂರತನಕ ತಳ್ಳಿಕೊಂಡ ಹೋದನಂತ ಹೊನ್ನಿ. ಅಲ್ಲೇ ತಮ್ಮ ಪೈಕಿಯವರ ಮನಿಯಾಗ ನಿಲ್ಲಿಸ್ಯಾನಂತ. ಮುಶಿಗೇರಿಗೆ ದನ ನೋಡಾಕ ನಡಕೋತ ಹೊಂಟಾನ. ಜೀನಗಾರನ ಕೈ ಕೆಟ್ಟೈತಿ ಅಂತ ಸಂತ್ಯಾಗ ಮಂದಿ ಮಾತಾಡಾಕ ಹತ್ಯಾರ."

ಎಂಟು ದಿನ ಕಳಕಪ್ಪ ಹೊರಗೆ ಕಾಲಿಡಲಿಲ್ಲ. ಹೊನ್ನವ್ವ ಒಲೆಯ ಮುಂದೆ ಕೂತು ಅತ್ತಳು. ಆ ನಗುವ ಕಣ್ಣು ನೆನಪಾದಾಗಲೆಲ್ಲ ಸಿಟ್ಟು ಉಕ್ಕಿತು. ಅವನ ಮೇಲೆ ಮಾತ್ರವಲ್ಲ, ಆ ಕಣ್ಣನ್ನು ಇನ್ನೂ ಮರೆಯದ ತನ್ನ ಮೇಲೂ.

ಒಂಬತ್ತನೆಯ ದಿನ ಬೆಳಿಗ್ಗೆ ಈಶಪ್ಪ ಫಟಫಟಿ ತಳ್ಳಿಕೊಂಡು ಮತ್ತೆ ಅದೇ ಓಣಿಗೆ ಬಂದ. ಬೆವರು ಇಳಿಯುತ್ತಿತ್ತು. ಸೀಟು ಹೊಲಿದ ದಿನ ಹೇಗಿತ್ತೋ ಹಾಗೇ ಇತ್ತು. ಕಳಕಪ್ಪ ಪಡಸಾಲೆಯಲ್ಲಿ ಕೂತಿದ್ದ.

"ಕಾಕಾ, ಒಂದಿಷ್ಟು ಒಳಗ ಬರ್ರಿ, ನಿಮ್ಮ ಕೂಡ ಮಾತಾಡೋದೈತಿ..."

"ಒಳಗ ಯಾಕ?" ಹೊನ್ನವ್ವ ಬಾಗಿಲು ದಾಟಿ ಅಂಗಳಕ್ಕೆ ಬಂದಿದ್ದಳು. ಸುತ್ತ ಮಂದಿ ಸೇರುತ್ತಿದ್ದುದು ಅವಳ ಕಣ್ಣಿಗೆ ಬೀಳಲಿಲ್ಲ. "ಮಾನ ಕಳಿಯೂವಾಗ ಹೊರಗ ಕಳದ್ರಿ. ಈಗ ಒಳಗ ಏನೈತಿ? ಹೊಲಿಗ್ಯಾಗ ಏನ ತಪ್ಪೈತಿ, ಎಲ್ಲಾರ ಮುಂದ ಹೇಳ್ರಿ. ತಪ್ಪಿದ್ರ ನಮ್ಮಪ್ಪಂದಲ್ಲ. ಹೊಲಿದಾಕಿ ನಾನು."

ಕಾಶೀಂಬಿ ಬಾಯಿಗೆ ಸೆರಗು ಹಿಡಿದಳು.

ಎರಡು ವರ್ಷ ಕಾಪಾಡಿದ ಗುಟ್ಟು ತನ್ನ ಬಾಯಿಂದಲೇ ಜಾರಿತ್ತು. ಹೊನ್ನವ್ವ ಅಪ್ಪನತ್ತ ತಿರುಗಲು ಹೆದರಿ, ಕಲ್ಲಿನಂತೆ ನಿಂತಳು.

"ತಪ್ಪೇನೂ ಇಲ್ರಿ," ಎಂದ ಈಶಪ್ಪ, ದನಿ ತಗ್ಗಿಸಿ. "ನಾನೂ ಜೀನಗಾರರ ಮನಿಯವನ. ನಮ್ಮಜ್ಜ ನರಗುಂದದಾಗ ಜೀನು ಹೊಲಿತಿದ್ದ. ನಿಮ್ಮ ಬೆರಳು ನೋಡಿದ ದಿನಾನ ನನಗ ತಿಳೀತು. ಹೊಲಿದವರು ಕೂಡದ ನಾ ಹ್ಯಾಂಗ ಕೂಡ್ಲಿ? ಮಂದಿ ಮುಂದ ಹೇಳಿದ್ರ ಕಾಕಾನ ಮಾನದ ಮಾತು. ಅದಕ್ಕ ಸುಮ್ಮನ ತಳ್ಳಿಕೊಂಡ ಹೋದೆ. ಊರ ಮಂದಿ ಹಿಂಗ ತಿಳ್ಕೊಂತಾರ ಅಂತ ನನ್ನ ತಲಿಗೆ ಹೊಳೀಲಿಲ್ಲ. ತಪ್ಪು ನಂದ."

ಹೊನ್ನವ್ವನ ಕಣ್ಣು ಅವನ ಕಾಲುಗಳತ್ತ ಇಳಿಯಿತು. 'ಎಂಟು ದಿನ... ನನ್ನ ಹೊಲಿಗೆಗಾಗಿ ನಡೆದನೇ?'

ಕಳಕಪ್ಪ ಎದ್ದು ಬಂದ. ನಡುಗುವ ಕೈಯನ್ನು ಎಂದಿನಂತೆ ಹೆಗಲವಸ್ತ್ರದೊಳಗೆ ಮುಚ್ಚಿಡಲಿಲ್ಲ. ಅದೇ ಕೈಯಿಂದ ಮಗಳ ರಟ್ಟೆ ಹಿಡಿದ.

"ಎಲ್ಲಾರೂ ಕೇಳ್ರಿ. ಎರಡು ವರ್ಷದಾಗ ನೀವು ಒಯ್ದ ಎಲ್ಲಾ ಜೀನೂ ನನ್ನ ಮಗಳು ಹೊಲಿದಾಳ. ನನ್ನಕಿಂತ ಚಲೋ ಹೊಲಿದಾಳ. ಕೂಡವ್ವ ಹೊನ್ನವ್ವ, ಇದು ನಿಂದ."

ಹೊನ್ನವ್ವ ಸೆರಗು ಬಿಗಿದು ಸಿಕ್ಕಿಸಿ, ಒಂದೇ ಬದಿಗೆ ಕಾಲು ಇಳಿಬಿಟ್ಟು ಸೀಟಿನ ಮೇಲೆ ಕೂತಳು. ಚರ್ಮ ಕಿರ್ರೆಂದಿತು, ಹೊಲಿಗೆ ಒಂದೂ ಅಲುಗಲಿಲ್ಲ. ಕಣ್ಣಲ್ಲಿ ನೀರು ತುಂಬಿದರೂ ತಲೆ ತಗ್ಗಿಸಲಿಲ್ಲ. ಎದುರಿಗೆ ಕಾಶೀಂಬಿ ಎರಡೂ ಕೈಯಿಂದ ನೆಟಿಗೆ ಮುರಿದಳು.

ಅವಳು ಇಳಿದ ಮೇಲೆ ಈಶಪ್ಪ ಕೂತ. ಕಿಕ್ ಹೊಡೆಯಲಿಲ್ಲ. ಹಿಂದಿನ ಬರಿಯ ಕಬ್ಬಿಣದ ಕ್ಯಾರಿಯರ್ ಮೇಲೆ ಕೈಯಿಟ್ಟು ಕೇಳಿದ.

"ಇಲ್ಲೊಂದು ಸೀಟು ಹೊಲದ ಕೊಡ್ತೀರೇನ್ರಿ?"

"ಯಾರಿಗ್ರಿ?"

"ಹೊಲಿದಾಕಿನ ಮದ್ಲ ಕೂಡಬೇಕಲ್ರಿ." ಅವನ ಧೂಳು ಮೆತ್ತಿದ ಮುಖ ಕೆಂಪಾಯಿತು. "ಆಮ್ಯಾಲೂ ಮತ್ಯಾರೂ ಅದರ ಮ್ಯಾಲ ಕೂಡೂದು ಬ್ಯಾಡ. ಕಾಕಾ ಹೂಂ ಅಂದ್ರ ನಮ್ಮ ಹಿರ್‍ಯಾರನ್ನ ಕರಕೊಂಡ ಬರ್ತೇನಿ."

ಕಳಕಪ್ಪ ಮೀಸೆ ತಿರುವುತ್ತ ಆಕಾಶ ನೋಡಿದ. ಮಗಳು ಹೇಳಲಿ ಎಂದು ಕಾದಂತಿತ್ತು.

ಹೊನ್ನವ್ವ ಸೀಳಿದ ತೋರುಬೆರಳಿನಿಂದ ಕ್ಯಾರಿಯರ್‌ನ ಉದ್ದವನ್ನು ಚೋಟು ಹಾಕಿ ಅಳೆದಳು.

"ಜೋಡಿ ಹೊಲಿಗಿ ಹಾಕಬೇಕು. ಲಗೂ ಆಗೂದಿಲ್ಲ, ಕಾಯಬೇಕಾಕ್ಕೈತಿ."

"ಎಂಟು ದಿನ ನಡದಾಂವಗ ಕಾಯೂದೇನು ದೊಡ್ಡದ್ರಿ?"

"ಈ ಸಲ ತಳ್ಳಿಕೊಂಡ ಹೋಗಬ್ಯಾಡ್ರಿ ಮತ್ತ," ಎಂದಳು ಹೊನ್ನವ್ವ. "ಕೂತ ಹೋಗ್ರಿ. ನಾ ಹೊಲಿದದ್ದು ಅದು."