ಪ್ರೋಟೀನಿನಲ್ಲಿ ತೂತಿಲ್ಲ

"ಮೇಡಂ, ಆ ತೂತು ಎಲ್ಲಿಂದ ಬಂತ್ರೀ?"

ಹಿಂದಿನ ಬೆಂಚಿನಿಂದ ಸಂಗಮೇಶ ಕೇಳಿದ. ಶೈಲಶ್ರೀಯ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೆಯೇ ನಿಂತಿತು.

ಸಿಂದಗಿಯ ಕಾಲೇಜಿನಲ್ಲಿ ಉಪನ್ಯಾಸಕರ ಹುದ್ದೆಗೆ ಪರೀಕ್ಷಾ ಪಾಠ. ಕೆಲಸ ಸಿಗದಿದ್ದರೆ ಹೊರ್ತಿ ಊರಿನ ಗಂಡಿನ ಸಂಬಂಧ ಒಪ್ಪುತ್ತೇನೆಂದು ಅವ್ವನಿಗೆ ಮಾತು ಕೊಟ್ಟು ಬಂದಿದ್ದಳು. ಅದೇ ಹುದ್ದೆಗೆ ಸಂಗಮೇಶನೂ ಬಂದಿದ್ದ. ಇಂಡಿ ಊರಿನ ಟ್ಯೂಷನ್ನಿನಲ್ಲಿ ಅವಳ ಜೊತೆ ಪಾಠ ಹೇಳುವವನು... ಅವಳು ಗುಟ್ಟಾಗಿ ಮನಸ್ಸು ಕೊಟ್ಟವನು!

ಜೀವಕೋಶದಲ್ಲಿ ಎಲೆಕ್ಟ್ರಾನು 'ಸುರಂಗ'ದಿಂದ ಪ್ರೋಟೀನು ದಾಟುತ್ತದೆ ಎಂದು ಪುಸ್ತಕದಲ್ಲಿತ್ತು. ನೆಲದಡಿಯ ನೀರಿನ ಸುರಂಗಗಳ ಜಿಲ್ಲೆಯಲ್ಲಿ ಬೆಳೆದವಳು, ಪ್ರೋಟೀನಿನ ನಡುವೆ ಒಂದು ಕೊಳವೆಯನ್ನೇ ಬರೆದುಬಿಟ್ಟಿದ್ದಳು.

"ಸುರಂಗ ಅಂದಮ್ಯಾಲ ತೂತು ಇರಬೇಕಲ್ರೀ..." ಎಂದಳು.

ಪ್ರಾಂಶುಪಾಲೆ ಜಯಮಾಲಾ ಎದ್ದರು. "ನಾವು ಚಹಾ ಕುಡಿದು ಬರೋತನ ವಿಚಾರ ಮಾಡ್ರಿ. ಆಮ್ಯಾಲ ಉತ್ತರ ಹೇಳ್ರಿ."

ಹೊರಗೆ ಬಂದವಳೇ ಶೈಲಶ್ರೀ ಸಂಗಮೇಶನ ಮೇಲೆ ಸಿಡಿದಳು. "ನೌಕರಿ ಬೇಕಾಗಿದ್ರ ಬಾಯಿಬಿಟ್ಟು ಕೇಳಬೇಕಿತ್ತು! ಎಲ್ಲಾರ ಮುಂದ ಮಾನ ಕಳದ್ರಿ."

"ಬೋರ್ಡು ನೋಡಿ ಪ್ರಿನ್ಸಿಪಾಲ್ ಮೇಡಂ ನಿಮ್ಮ ಹೆಸರಿಗೆ ಕಾಟು ಹಾಕಾಕ ಪೆನ್ನು ಎತ್ತಿದ್ರು. ಪ್ರಶ್ನೆ ಬಂದ್ರ ಉತ್ತರಕ್ಕ ವ್ಯಾಳ್ಯಾ ಸಿಗತೈತಿ ಅಂತ ಕೇಳಿದೆ."

ಅವಳ ಸಿಟ್ಟು ತಡವರಿಸಿತು. 'ಇವನಿಗೇನು ಲಾಭ?'

"ಉತ್ತರ ನನಗ ಗೊತ್ತಿದ್ರಲ್ಲೇನ್ರೀ ಹೇಳೋದು?" ಎಂದಳು.

"ತೂತೇ ಇಲ್ರೀ. ಗೋಡಿ ಗೋಡಿನೇ. ಎಲೆಕ್ಟ್ರಾನು ಬರೇ ಕಣ ಅಲ್ಲ, ಅಲೆನೂ ಹೌದಲ್ಲ? ಅದಕ್ಕ ಒಮ್ಮೊಮ್ಮೆ ಗೋಡಿ ಆ ಕಡೆನೂ ಸಿಗತೈತಿ. ಆದ್ರ ದೂರ ಹೆಚ್ಚಾದಂಗ ದಾಟೋ ಸಾಧ್ಯತೆ ಗಕ್ಕನ ಇಳೀತೈತಿ..."

"ತಡೀರಿ!" ಅವಳ ಕಣ್ಣು ಅರಳಿತು. "ಅದಕ್ಕ ಪ್ರೋಟೀನಿನಾಗ ಕಬ್ಬಿಣ, ತಾಮ್ರದ ಪರಮಾಣು ಹತ್ತಿರ ಹತ್ತಿರ ಕುಂತಾವು! ಒಂದರಿಂದ ಒಂದಕ್ಕ ದಾಟಿ ದಾಟಿ..."

"ಇದನ್ನ ನನಗಲ್ಲ, ಒಳಗ ಹೇಳ್ರಿ!"

ಶೈಲಶ್ರೀ ಒಳಗೆ ಹೋಗಿ, ಚಿತ್ರ ತಪ್ಪೆಂದು ಹೇಳಿ ಕೊಳವೆಯನ್ನು ಒರೆಸಿದಳು. ಮೊದಮೊದಲು ದನಿ ನಡುಗಿತು. ಆಮೇಲೆ ನಡುಗಲಿಲ್ಲ.

ಸಂಗಮೇಶನೂ ಪಾಠ ಮಾಡಿದ. ಆದರೆ ಜಯಮಾಲಾ ಕರೆದದ್ದು ಅವಳನ್ನು. "ತಪ್ಪು ಒಪ್ಪಿಕೊಂಡು ಕಲಿಸೋರು ನಮಗ ಬೇಕು. ಸೋಮವಾರ ಬರ್ರಿ."

ಬಸ್ ಸ್ಟ್ಯಾಂಡಿನಲ್ಲಿ ಅವನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

"ನನ್ನ ಸಲುವಾಗಿ ನೀವು ಸೋತ್ರಿ..."

"ಮುದ್ದೇಬಿಹಾಳದಾಗ ಇನ್ನೊಂದು ಹುದ್ದೆ ಖಾಲಿ ಐತ್ರಿ. ಹೊರ್ತಿಯವರು ಗೆದ್ದಿದ್ರ ನಾ ಎಲ್ಲಿಗೆ ಹೋಗಲಿ?"

ಅವಳು ಗಕ್ಕನೆ ತಲೆ ಎತ್ತಿದಳು. "ಆ ಸುದ್ದಿ ಯಾರು ಹೇಳಿದ್ರು?"

"ನಿಮ್ಮವ್ವಾರು. ಹೆಣ್ಣು ಕೇಳಾಕ ನಿಮ್ಮ ಮನಿಗೆ ಹೋಗಿದ್ದೆ. 'ಅಕಿಗೆ ನೌಕರಿ ಸಿಕ್ರ ಅಕಿನ್ನೇ ಕೇಳಪಾ' ಅಂದ್ರು."

"ಕೇಳ್ರಿ ಮತ್ತ!"

"ಬಸ್ಸು ಬಂತ್ರೀ..."

"ಹೋಗ್ಲಿ ಬಿಡ್ರಿ ಬಸ್ಸು!"

"ನನ್ನ ಮದಿವಿ ಆಗ್ತೀರೇನ್ರೀ?"

"ಅಷ್ಟು ಮರ್ಯಾದಿ ಕೊಟ್ರ ಆಗಂಗಿಲ್ಲ."

ಸಂಗಮೇಶ ನಕ್ಕ. ದನಿ ತಗ್ಗಿಸಿದ.

"ಆಗ್ತೀಯೇನ... ಶೈಲಾ?"

"ಹೂಂ..."