ಎಣ್ಣೆ ಹಾಕದ ಗುಂಡಿ

ಮೂರನೆಯ ಗುಂಡಿಯ ನೂಲಿಗೆ ಗೋದಾವರಿ ಕತ್ತರಿ ಹಾಕುವಾಗ ಅಚ್ಚುತ ಚಹಾದ ಗ್ಲಾಸು ಹಿಡಿದುಕೊಂಡು ಜಗಲಿಯ ಮೆಟ್ಟಿಲು ಹತ್ತುತ್ತಿದ್ದ.

"ಅದು ಮಹಾಗಣಪತಿ ಮಾಸ್ಟ್ರ ಅಂಗಿ," ಎಂದ.

"ಗೊತ್ತುಂಟು."

ನಾಲ್ಕನೆಯದೂ ಕಳಚಿ ಅವಳ ಮಡಿಲಿಗೆ ಬಿತ್ತು. ಗುಂಡಿ ಇದ್ದ ಕಡೆಯಲ್ಲೆಲ್ಲ ಬಿಳಿ ಬಟ್ಟೆಯ ಮೇಲೆ ಒಂದೊಂದು ಕಂದು ಉಂಗುರ. ಕುತ್ತಿಗೆಯಿಂದ ಹೊಟ್ಟೆಯವರೆಗೆ, ಒಂದರ ಕೆಳಗೆ ಒಂದು.

"ಕತ್ತರಿ ಇತ್ತ ಕೊಡಿ. ಕೈಗೆ ತಾಗೀತು."

"ಮೇಜಿನ ಅಡಿಯಲ್ಲಿ ಇಂಥದ್ದು ಇನ್ನೂ ಉಂಟು. ನೋಡಿದೆ."

ಅಚ್ಚುತ ಗ್ಲಾಸನ್ನು ಹೊಲಿಗೆ ಮಿಶನ್ನಿನ ಮೇಲೆ ಇಟ್ಟ. ಬೆಳ್ಳಾರೆಯ ಪೇಟೆಯಲ್ಲಿ ಪೋಕರ್ ಕಾಕನ ಜವುಳಿ ಅಂಗಡಿಯ ಜಗಲಿಯೇ ಅವನ ಟೈಲರ್ ಅಂಗಡಿ. ಪ್ರತಿ ಸಂತೆಯ ದಿನ ಗೋದಾವರಿ ಬಸ್ಸಿನಲ್ಲಿ ಬಂದು, ತಾನು ತೆಂಗಿನ ಗೆರಟೆಯಿಂದ, ಆ ಗಟ್ಟಿ ಚಿಪ್ಪಿನಿಂದ, ಮಾಡಿದ ಅಂಗಿಗುಂಡಿಗಳನ್ನು ಅವನಿಗೆ ಕೊಟ್ಟು ಹೋಗುತ್ತಿದ್ದಳು. ಇವತ್ತು ಬಸ್ಸು ಬೇಗ ಬಂದಿತ್ತು. ಅವನು ಚಹಾಕ್ಕೆ ಹೋಗಿದ್ದ. ಗುಂಡಿ ಹಾಕಿಡಲು ಒಂದು ಡಬ್ಬಿ ಹುಡುಕುತ್ತ ಅವಳು ಮೇಜಿನ ಅಡಿಗೆ ಬಗ್ಗಿದ್ದಳು. ಅಲ್ಲಿ ಗಿರಾಕಿಗಳು ವಾಪಸು ತಂದುಕೊಟ್ಟ ಅಂಗಿಗಳ ಗಂಟು ಇತ್ತು.

"ಯಾವಾಗಿಂದ ಹೀಗೆ?"

"ದೀಪಾವಳಿ ಕಳೆದ ಮೇಲೆ."

ಈಗ ಶಿವರಾತ್ರಿ ಹತ್ತಿರ ಬಂದಿತ್ತು.

"ಜನರಿಗೆ ಎಂತ ಹೇಳಿದ್ರಿ?"

"ಮಿಶನ್ನಿನ ಎಣ್ಣೆ ಅಂತ."

"ಮಿಶನ್ ಅಳತೆ ಹಿಡಿದು ಗುಂಡಿ ಇದ್ದಲ್ಲೇ ಎಣ್ಣೆ ಚೆಲ್ತದಾ?"

ಒಳಗೆ ತೆಳು ಬಿಳಿ ಮಲ್ಲಿನ ಬಟ್ಟೆ ಅಳೆಯುತ್ತಿದ್ದ ಪೋಕರ್ ಕಾಕ ತಲೆ ಎತ್ತದೆ ಹೇಳಿದ: "ಅದನ್ನೇ ನಾನೂ ಕೇಳಿದ್ದು, ಅಕ್ಕ. ಈ ಮಾರಾಯನಿಗೆ ಸುಳ್ಳು ಹೇಳ್ಲಿಕ್ಕೂ ಸರಿ ಬರುದಿಲ್ಲ. ಈಗ ಬಟ್ಟೆ ನನ್ನ ಹತ್ರ ತಗೊಳ್ತಾರೆ, ಹೊಲಿಸ್ಲಿಕ್ಕೆ ಸುಳ್ಯಕ್ಕೆ ಹೋಗ್ತಾರೆ."

"ಕಾಕ, ನೀವು ಬಟ್ಟೆ ಅಳೀರಿ," ಎಂದ ಅಚ್ಚುತ.

"ಅಳೀತಾ ಇದ್ದೇನಲ್ಲ. ಅಳೆಯುದು ಕೈಯಲ್ಲಿ. ಕಿವಿಗೆ ಎಂತ ಕೆಲಸ?"

ಗೋದಾವರಿ ನಗಲಿಲ್ಲ. ಅವಳ ಕಣ್ಣು ಅಚ್ಚುತನ ಎದೆಯ ಮೇಲೆ ನಿಂತಿತ್ತು. ಅವನ ಅಂಗಿಯ ಎರಡನೆಯ ಗುಂಡಿಯ ಜಾಗದಲ್ಲಿ ಯಾವಾಗಲೂ ಒಂದು ಪಿನ್ನು. ಗುಂಡಿ ತಂದುಕೊಡುವವಳ ಎದುರು ಪಿನ್ನು ಚುಚ್ಚಿಕೊಂಡು ಕೂರುವುದನ್ನು ಅವಳು ಇಷ್ಟು ದಿನ ಸೋಮಾರಿತನ ಎಂದುಕೊಂಡಿದ್ದಳು.

"ನಿಮ್ಮ ಅಂಗಿಗೆ ಹಾಕಿದ್ರಾ ಮೊದಲು?"

"ಹಾಕಿದ್ದೆ. ಕಲೆ ಬಂತು. ಇಸ್ತ್ರಿ ಪೆಟ್ಟಿಗೆಯ ಮಸಿ ಅಂತ ಗ್ರಹಿಸಿದ್ದೆ ಆಗ. ಮತ್ತೆ ಗೊತ್ತಾದ ಮೇಲೆ ಬಿಳಿಗೆ ಹಾಕ್ಲಿಲ್ಲ. ಖಾಕಿ ಚಡ್ಡಿಗೆ ಹಾಕ್ತೇನೆ. ಖಾಕಿಯಲ್ಲಿ ಕಾಣುದಿಲ್ಲ."

"ಉಳಿದದ್ದು?"

 ಅಚ್ಚುತನ ಕಣ್ಣು ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿಯ ಕಡೆಗೆ ಹೋಯಿತು. ಅವಳು ಎದ್ದು ಅದನ್ನು ಇಳಿಸಿದಳು. ಭಾರವಿತ್ತು. ಮುಚ್ಚಳ ತೆರೆಯುವ ಅಗತ್ಯ ಬೀಳಲಿಲ್ಲ. ಅಲ್ಲಾಡಿಸಿದಾಗ ಕೇಳಿದ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಸದ್ದು.

ಅವರ ಪರಿಚಯ ಶುರುವಾದದ್ದೇ ಗೆರಟೆಯಿಂದ. ಇಸ್ತ್ರಿ ಪೆಟ್ಟಿಗೆಯೊಳಗೆ ಉರಿಸಲು ಅಚ್ಚುತ ಮನೆಮನೆಯಿಂದ ಒಣ ಗೆರಟೆ ಒಯ್ಯುತ್ತಿದ್ದ. ಗೋದಾವರಿಯ ಅತ್ತಿಗೆ ಮನೋರಮಾಳ ಕಡೆಯಿಂದ ದೂರದ ನೆಂಟ. ಅವಳ ಮನೆಯ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಹೋಗುವಷ್ಟು ಸಲಿಗೆ. ಒಂದು ದಿನ ಅವನ ಅಂಗಿಗೆ ಗುಂಡಿ ಇರಲಿಲ್ಲ. ಊರಿಗೆಲ್ಲ ಹೊಲಿಯುವವರ ಅಂಗಿ ಹೀಗಾ ಎಂದು ಅವಳು ಕೇಳಿದಳು. ಮಂಗಳೂರಿನ ಗುಂಡಿ ಗಿರಾಕಿಗಳಿಗೇ ಸಾಲುವುದಿಲ್ಲ ಎಂದ. ಅವನು ಗೋಣಿಗೆ ತುಂಬುತ್ತಿದ್ದ ಗೆರಟೆಗಳಲ್ಲಿ ಒಂದನ್ನು ಅವಳು ತೆಗೆದು ತನ್ನ ಬಳಿ ಇಟ್ಟುಕೊಂಡಳು.

ನಯಾಪೈಸೆಯ ನಾಣ್ಯ ಆಗಷ್ಟೇ ಚಲಾವಣೆಗೆ ಬಂದಿತ್ತು. ಅದೊಂದನ್ನು ಗೆರಟೆಯ ಮೇಲಿಟ್ಟು ಮೊಳೆಯಿಂದ ಸುತ್ತ ಗೀರಿ, ಗರಗಸದಿಂದ ಕೊಯ್ದು, ಬೈರಿಗೆಯಿಂದ ತೂತು ಕೊರೆದು, ಬಡಗಿಗಳು ಮರ ಉಜ್ಜುವ ಒರಟು ಎಲೆಯಿಂದ ಉಜ್ಜಿದಳು. ಮೊದಲಿನವು ಒಡೆದವು. ಆಮೇಲಿನವು ಒಡೆಯಲಿಲ್ಲ. ಕೊನೆಯಲ್ಲಿ ಅವನ್ನು ತೆಂಗಿನೆಣ್ಣೆಯಲ್ಲಿ ನೆನೆಹಾಕಿದರೆ ಕಪ್ಪಗೆ ಮಿರಿಮಿರಿ ಮಿಂಚುತ್ತಿದ್ದವು. ಅದು ಅವಳೇ ಕಂಡುಹಿಡಿದದ್ದು. ಆ ಮನೆಯಲ್ಲಿ ತಲೆಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲಕ್ಕೂ ಎಣ್ಣೆ ಹಚ್ಚುತ್ತಿದ್ದರು. ಗುಂಡಿಗೆ ಹಚ್ಚಬಾರದು ಎಂದು ಯಾರಿಗೆ ತೋಚಬೇಕು?

ಗುಂಡಿ ಮಾಡುವುದು ಕಷ್ಟವಲ್ಲ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡುವುದು ಕಷ್ಟ. ಬೈರಿಗೆ ತಿರುಗಿಸಿ ತೋಳು ಸೋಲುತ್ತಿತ್ತು. "ಗೆರಟೆ ಉಜ್ಜಿ ಉಜ್ಜಿ ನಿನ್ನ ಅಂಗೈಯೇ ಗೆರಟೆ ಆಯ್ತು, ಹೆಣ್ಣು ನೋಡುವವರು ಬಂದ್ರೆ ಕೈ ಸೆರಗಿನೊಳಗೆ ಇಟ್ಕೊ," ಎನ್ನುತ್ತಿದ್ದಳು ಅತ್ತಿಗೆ. ಇನ್ನು ಸಾಕು ಅನ್ನಿಸುವ ಹೊತ್ತಿಗೆ ಗೋದಾವರಿ ಅಚ್ಚುತ ಹೇಳಿದ ಮಾತೊಂದನ್ನು ನೆನಪಿಗೆ ತಂದುಕೊಳ್ಳುತ್ತಿದ್ದಳು. ಪ್ರತಿ ಸಂತೆಗೆ ಅವನಲ್ಲಿ ಒಂದು ಸುದ್ದಿ ಇರುತ್ತಿತ್ತು. ಸುಬ್ರಹ್ಮಣ್ಯಕ್ಕೆ ಹೋಗುವ ಮೈಸೂರಿನವರೊಬ್ಬರು ಬಸ್ಸಿಳಿದು ಗುಂಡಿ ಮುಟ್ಟಿ ನೋಡಿದರಂತೆ. ಮಹಾಗಣಪತಿ ಮಾಸ್ಟ್ರು ಪ್ಲಾಸ್ಟಿಕ್ಕಿನದು ಬೇಡವೇ ಬೇಡ ಎಂದರಂತೆ. ಆ ಒಂದು ಮಾತಿನಲ್ಲಿ ಅವಳ ಒಂದು ವಾರ ನಡೆಯುತ್ತಿತ್ತು.

"ಮೈಸೂರಿನವರು?" ಎಂದು ಈಗ ಕೇಳಿದಳು.

"ಬಂದಿದ್ರು. ಕುಡಿಲಿಕ್ಕೆ ನೀರು ಕೇಳಿದ್ರು."

"ಮಾಸ್ಟ್ರು?"

"ಅವರು ಈ ಅಂಗಿ ಹಾಕಿ ನರಿಮೊಗರಿಗೆ ಮದುವೆಗೆ ಹೋದದ್ದು. ಊಟ ಮುಗಿಯುವವರೆಗೂ ಎದೆಯ ಮೇಲೆ ಶಾಲು ಹೊದ್ದು ಕೂತಿದ್ರಂತೆ."

"ನನ್ನ ಹತ್ರ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀವು ಬಿಟ್ಟುಬಿಡ್ತಿದ್ರಿ."

"ಹೇಳಿದ್ರೆ ಸರಿ ಮಾಡ್ತಿದ್ದೆ."

ಅಚ್ಚುತ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಅವನಿಗೆ ಉದ್ದ ಬೆರಳುಗಳು. ಅವು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದನ್ನು ನೋಡಲಿಕ್ಕೆಂದೇ ಅವಳು ಎಷ್ಟೋ ಸಲ ಒಂದು ಬಸ್ಸು ತಪ್ಪಿಸಿದ್ದಳು. ಇವತ್ತು ಅವನ್ನು ನೋಡಲು ಕಷ್ಟವಾಯಿತು.

"ಹಾಗಾದ್ರೆ ಆವತ್ತು ಹೇಳಿದ್ದು?" ಎಂದಳು. ಸ್ವರ ತಗ್ಗಿತ್ತು. "ನಾನು ಬರುವ ಬಸ್ಸಿನ ಹಾರನ್ ನಿಮಗೆ ಬೇರೆಯೇ ಕೇಳ್ತದೆ ಅಂತ?"

ಅವನು ಉತ್ತರ ಕೊಡುವ ಮೊದಲು ಪೋಕರ್ ಕಾಕ ಕೆಮ್ಮಿದ. ಗೋದಾವರಿ ಬಿಸ್ಕತ್ತಿನ ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು ಮೆಟ್ಟಿಲಿಳಿದಳು.

ಮನೆಯಲ್ಲಿ ಬೈರಿಗೆ ಗೋಡೆಯ ಮೊಳೆಯಲ್ಲೇ ನೇತಾಡಿತು. ಅವಳು ಅಕ್ಕಿ ಆರಿಸಿದಳು, ಅಣ್ಣನ ಮಗುವಿಗೆ ಸ್ನಾನ ಮಾಡಿಸಿದಳು, ಸುಮ್ಮನೆ ಕೂತಳು. ಯಾರೂ ಹೊಗಳದಿದ್ದರೆ ಕೈ ಓಡುತ್ತದೆಯೇ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಅವಳನ್ನು ನಡೆಸಿದ್ದು ಕೆಲಸದ ಮೇಲಿನ ಆಸೆಯೋ, ಅವನ ಸುಳ್ಳೋ? ಬೇರೆ ಬೇರೆ ಮಾಡಿ ನೋಡಲು ಆಗಲಿಲ್ಲ.

ಕೂತಲ್ಲಿಗೇ ಅತ್ತಿಗೆಯ ಗೊಣಗಾಟ ಕೇಳಿಸಿತು. ಅವಳು ಅಣ್ಣನ ತಲೆದಿಂಬಿನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

"ನಿನ್ನ ಅಣ್ಣನ ತಲೆಯದ್ದೇ ದೊಡ್ಡ ಕತೆ. ಒಗೆದು ಹಿಂಡಿ ಒಣಗಿಸುವಾಗ ಎಂತದೂ ಇಲ್ಲ. ಬಿಸಿ ತಾಗಿದ್ದೇ ಎಣ್ಣೆ ಮೇಲೆ ಬರ್ತದೆ. ನೋಡು ಇಲ್ಲಿ."

ಗೋದಾವರಿ ನೋಡಿದಳು. ಬಿಳಿ ಬಟ್ಟೆಯ ನಡುವೆ ಕಂದು ಉಂಗುರ. ಅವಳ ಗುಂಡಿಯ ಉಂಗುರದ್ದೇ ಬಣ್ಣ, ಗಾತ್ರ ಮಾತ್ರ ಅಣ್ಣನ ತಲೆಯಷ್ಟು.

"ಅತ್ತಿಗೆ, ಈ ಬಟ್ಟೆ ನನಗೆ ಕೊಡಿ."

"ಎಂತಕ್ಕೆ?"

"ಇಸ್ತ್ರಿ ಪೆಟ್ಟಿಗೆಯಲ್ಲಿ ಸುಡ್ಲಿಕ್ಕೆ."

ಬಟ್ಟೆ ಒಗೆಯಲು ಇಟ್ಟಿದ್ದ ಬೂದಿನೀರಿನಲ್ಲಿ ಡಬ್ಬಿಯ ಗುಂಡಿಗಳನ್ನೆಲ್ಲ ಸುರಿದು ಕುದಿಸಿದಳು. ನೀರಿನ ಮೇಲೆ ಕೆನೆಯಂತೆ ಜಿಡ್ಡು ಬಂತು. ಕೆಲವು ಬಿರಿದವು. ಉಳಿದವು ಸತ್ತ ಬಣ್ಣಕ್ಕೆ ತಿರುಗಿದವು. ನೋಡಿದಾಗ ಅಳು ಬಂತು. ಅತ್ತು ಮುಗಿಸಿ ಮತ್ತೆ ಕುದಿಸಿದಳು. ದಿಂಬಿನ ಬಟ್ಟೆಯ ಬಿಳಿ ಉಳಿದಲ್ಲಿ ಒಂದೊಂದನ್ನೇ ಹೊಲಿದು ಇಸ್ತ್ರಿ ಪೆಟ್ಟಿಗೆ ಒತ್ತಿದಳು. ತೆಳ್ಳಗಿನ ಉಂಗುರ. ಮತ್ತೆ ಬೂದಿನೀರು. ಇನ್ನೂ ತೆಳ್ಳಗಿನ ಉಂಗುರ. ಎಣ್ಣೆಯನ್ನೇ ಕಾಣದ ಹೊಸ ಗೆರಟೆ ಕೊಯ್ದು, ಕುದಿಸಿ, ಒಣಗಿಸಿ, ಒರಟು ಎಲೆಯಿಂದ ಉಜ್ಜಿ, ಆಮೇಲೆ ಬರಿಯ ಅಂಗೈಯಿಂದ ಉಜ್ಜಿದಳು. ಗೆರಟೆಯಂತಾದ ಅಂಗೈ ಆಗ ಉಪಯೋಗಕ್ಕೆ ಬಂತು. ನಿಧಾನವಾಗಿ ಒಂದು ಮಂದ ಹೊಳಪು ಎದ್ದಿತು. ಮೊದಲಿನ ಮಿಂಚು ಇರಲಿಲ್ಲ. ಇಸ್ತ್ರಿ ಪೆಟ್ಟಿಗೆ ಎತ್ತಿದಾಗ ಬಟ್ಟೆ ಬಿಳಿಯಾಗಿಯೇ ಇತ್ತು.

ಈ ನಡುವೆ ಒಂದು ಸಂತೆ ಕಳೆದುಹೋಗಿತ್ತು. ಯಾರೂ ಅವಳನ್ನು ಹೊಗಳಿರಲಿಲ್ಲ. ಅದು ನೆನಪಾದದ್ದು ಕೆಲಸ ಮುಗಿದ ಮೇಲೆ.

ಮುಂದಿನ ಸಂತೆಯ ದಿನ ಅವಳು ಜಗಲಿ ಹತ್ತಿದಾಗ ಅಚ್ಚುತ ಮಿಶನ್ ತುಳಿಯುವುದನ್ನು ನಿಲ್ಲಿಸಿದ. ಕಣ್ಣು ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

"ಬಿಳಿ ತುಂಡು ಉಂಟಾ?" ಎಂದಳು.

ಅವನು ಮಲ್ಲಿನ ತುಂಡು ಕೊಟ್ಟ. ಅವಳು ಗುಂಡಿ ಹೊಲಿದಳು. ಅವನು ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ಬೀಸಣಿಗೆ ಬೀಸಿ, ಬೆರಳು ಒದ್ದೆ ಮಾಡಿ ತಾಗಿಸಿ ಚುರ್ ಎನ್ನಿಸಿದ. ಇಬ್ಬರೂ ಬಟ್ಟೆಯ ಮೇಲೆ ಬಗ್ಗಿದರು. ಅವನ ಕೆನ್ನೆಯ ಬಿಸಿಯೋ ಪೆಟ್ಟಿಗೆಯ ಬಿಸಿಯೋ ಅವಳಿಗೆ ತಿಳಿಯಲಿಲ್ಲ. ಒತ್ತಿದ. ಎತ್ತಿದ. ಇನ್ನೊಮ್ಮೆ ಒತ್ತಿದ.

ಏನೂ ಇಲ್ಲ.

ಅವನು ಬಾಯಿ ತೆರೆದದ್ದೇ ಅವಳು ಕೈ ಅಡ್ಡ ಹಿಡಿದಳು. "ಹೊಗಳುದು ಬೇಡ."

"ಹೊಗಳುದಲ್ಲ. ಆವತ್ತು ನೀವು ಕೇಳಿದ್ದಕ್ಕೆ ಹೇಳುದು." ಅವನು ಪೆಟ್ಟಿಗೆಯನ್ನು ಬದಿಗಿಟ್ಟ. "ಬಸ್ಸುಗಳ ಹಾರನ್ ಎಲ್ಲ ಒಂದೇ. ನನಗೆ ಎಂತ ವ್ಯತ್ಯಾಸವೂ ಗೊತ್ತಾಗುದಿಲ್ಲ. ಎಲ್ಲ ಬಸ್ಸಿಗೂ ತಲೆ ಎತ್ತಿ ನೋಡುದು ನಾನು."

ಒಳಗಿನಿಂದ ಪೋಕರ್ ಕಾಕ ಹೇಳಿದ: "ಅದು ಹೌದು ಅಕ್ಕ. ಲಾರಿಗೂ ಎತ್ತುತ್ತಾನೆ."

ಗೋದಾವರಿಗೆ ನಗು ಬಂತು. ಅದನ್ನು ಅಡಗಿಸಲು ಬೀದಿಯ ಕಡೆ ತಿರುಗಿದಳು. ಸಂತೆಗೆ ಬಂದವರು ಕುಂಬಳಕಾಯಿ ಹೊತ್ತು ಹೋಗುತ್ತಿದ್ದರು. ಅವಳ ಕಿವಿಯ ಹಿಂದಿನ ಕೂದಲು ಬೆವರಿಗೆ ಅಂಟಿಕೊಂಡದ್ದನ್ನು ಅಚ್ಚುತ ನೋಡಿದ. ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. 

"ನಾಡಿದ್ದು ನಿಮ್ಮಲ್ಲಿಗೆ ಬರ್ತೇನೆ," ಎಂದ.

"ಗೆರಟೆಗಾ? ಇನ್ನು ಉರಿಸ್ಲಿಕ್ಕೆ ಗೆರಟೆ ಸಿಗ್ಲಿಕ್ಕಿಲ್ಲ ನಿಮಗೆ."

"ಗೆರಟೆಗಲ್ಲ. ನಿಮ್ಮ ಅಣ್ಣನ ಹತ್ರ ಮಾತಾಡ್ಲಿಕ್ಕೆ ಉಂಟು."

ಅಳೆಯುವ ಕೋಲಿನ ಸದ್ದು ಒಳಗೆ ನಿಂತಿತು.

ಗೋದಾವರಿ ತಿರುಗಿದಳು. "ನಾನು ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಬಾಯಿಂದ ಇಷ್ಟರವರೆಗೆ ಒಂದು ಬೇಡ ಅಂತ ನಾನು ಕೇಳಿಲ್ಲ. ಗಿರಾಕಿ ಎಂತ ಹೇಳಿದ್ರೂ ಆಯ್ತು. ನಾನು ಎಂತ ತಂದ್ರೂ ಚಂದ. ಬೇಡ ಅನ್ಲಿಕ್ಕೆ ಬಾರದವರು ಬೇಕು ಅಂದ್ರೆ ನಾನು ಹೇಗೆ ನಂಬುದು?"

 ಅಚ್ಚುತ ಎದೆಯ ಪಿನ್ನನ್ನು ಮುಟ್ಟಿಕೊಂಡ.

ಅವಳು ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರಲ್ಲಿ ಒಂದೇ ಗುಂಡಿ ಇತ್ತು. ಅದನ್ನು ಮಾಡಿದ್ದು ಆ ಪಿನ್ನಿನ ಜಾಗಕ್ಕೆಂದು. ಕಪ್ಪು ಗೆರಟೆಯ ಒಳಗೆ ಒಂದು ಸಣ್ಣ ಜೇನುಬಣ್ಣದ ಎಳೆ ಓಡುವ ತುಂಡನ್ನು ಹುಡುಕಿ ಆರಿಸಿದ್ದಳು. ಬೇರೆ ಯಾವುದಕ್ಕೂ ಅಷ್ಟು ಹೊತ್ತು ಅಂಗೈ ಸವೆಸಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಬೆಳಕಿಗೆ ಹಿಡಿದಾಗ ಮಾತ್ರ ಅದರ ತೂತಿನಲ್ಲೊಂದು ತಪ್ಪು ಕಂಡಿತ್ತು. ಸೆರಗಿನಲ್ಲೇ ಬಿಡಬಹುದಿತ್ತು. ಬಿಡಲಿಲ್ಲ.

"ಇದು ನಿಮಗೆ ಅಂತ ಮಾಡಿದ್ದು," ಎಂದು ಅಂಗೈ ಚಾಚಿದಳು.

ಅಚ್ಚುತ ಗುಂಡಿಯನ್ನು ಎತ್ತಿಕೊಂಡ. ಹೆಬ್ಬೆರಳಿನಿಂದ ಸವರಿದ. ಜೇನುಬಣ್ಣದ ಎಳೆಯನ್ನು ನೋಡಿ ಅವನ ಮುಖ ಅರಳಿದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಅದನ್ನು ಬೀದಿಯ ಬೆಳಕಿಗೆ ಎತ್ತಿ, ಒಂದು ಕಣ್ಣು ಮುಚ್ಚಿ, ತೂತುಗಳ ಮೂಲಕ ನೋಡಿದ. ಬಹಳ ಹೊತ್ತು ನೋಡಿದ. ಅರಳಿದ ಮುಖ ಟೈಲರ್‌ನ ಮುಖವಾಯಿತು. 

"ಸಾಕು ಮಾರಾಯ, ತಗೊ," ಎಂದ ಪೋಕರ್ ಕಾಕ, ಬಾಗಿಲಲ್ಲಿ ನಿಂತು. "ಕೊಡುವವರು ಕೊಡುವಾಗ ಇಷ್ಟು ನೋಡ್ಲಿಕ್ಕೆ ಉಂಟಾ?"

ಅಚ್ಚುತ ಗುಂಡಿಯನ್ನು ಅವಳ ಅಂಗೈಯ ನಡುವೆ ಮೆಲ್ಲಗೆ ಇಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದ.

"ಬೇಡ," ಎಂದ. "ತೂತು ಓರೆ ಉಂಟು. ಇದನ್ನು ನಾನು ಹಾಕುದಿಲ್ಲ."